ಇಲ್ಲೇ, ಇಧರಿಚ್, ಓನ್ಲಿ



ಗುಂಡ್ಲುಪೇಟೆಯಲ್ಲಿ ಊಟಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೊರಗಿನವರು ಇಂಗ್ಲಿಷಿನಲ್ಲಿ ಕೇಳಿದರೆ ನೀವು ಏನೆನ್ನುತ್ತೀರಿ? ‘ಹಿಯರ್ ಓನ್ಲಿ’. ಈ ‘ಓನ್ಲಿ’ ಬಂದದ್ದು ನಮ್ಮ ಮನೆಯಿಂದ. ಕನ್ನಡದಲ್ಲಿ ‘ಇಲ್ಲೇ’, ದಖನಿಯಲ್ಲಿ ‘ಇಧರಿಚ್’, ಪಠ್ಯಪುಸ್ತಕದ ಉರ್ದುವಿನಲ್ಲಿ ‘ಯಹೀಂ’. (ಆ ‘ಇಚ್’ ಮರಾಠಿಯ ‘ಚ’ದ ನೆಂಟ.)

ಕನ್ನಡದ ‘ಏ’ ಎರಡು ಕೆಲಸ ಮಾಡುತ್ತದೆ. ‘ಒಂದೇ ಪುಸ್ತಕವಿದೆ’ ಎಂದರೆ ಬೇರೆ ಇಲ್ಲವೆಂದು ಅರ್ಥ. ‘ಇವತ್ತೇ ಬರುತ್ತೇನೆ’ ಎಂಬಲ್ಲಿ ಬರೀ ಒತ್ತು. ಇಂಗ್ಲಿಷಿನವರ ‘ಓನ್ಲಿ’ ಹೆಚ್ಚಾಗಿ ಮೊದಲನೆಯ ಕೆಲಸದ್ದು. ಒತ್ತಿ ಹೇಳಲು ಅವರು ದನಿ ಏರಿಸುತ್ತಾರೆ, ಇಲ್ಲವೇ ‘ರೈಟ್ ಹಿಯರ್’, ‘ದಿಸ್ ವೆರಿ ಡೇ’, ‘ಹೀ ಹಿಮ್‌ಸೆಲ್ಫ್’ ಎನ್ನುತ್ತಾರೆ.

ನಮ್ಮನಮ್ಮಲ್ಲಿ ‘ಓನ್ಲಿ’ ನಡೆಯಲಿ, ನಾಚಿಕೆ ಬೇಡ. ದೇಶದ ತುಂಬ ಹೀಗೆಯೇ ಆಡುತ್ತಾರೆ. ಸಂದರ್ಶನದಲ್ಲಿ ಮಾತ್ರ ಎಚ್ಚರ. ‘ಐ ಸ್ಟಡೀಡ್ ಇನ್ ಚಾಮರಾಜನಗರ ಓನ್ಲಿ’ ಎಂದರೆ, ‘ಬರೀ ಚಾಮರಾಜನಗರದಲ್ಲಿ’ ಎಂದು ಕೇಳಿಸಬಹುದು. ಓದಿಸಿದ ಊರನ್ನು ನಾವಾಗಿಯೇ ಕೆಳಗಿಳಿಸಿದಂತೆ!

ಇನ್ನು ‘ತುಂಬಾ’. ಚಹಾ ‘ವೆರಿ ಹಾಟ್’ ಆದರೆ ಊದಿಕೊಂಡು ಕುಡಿಯಬಹುದು. ‘ಟೂ ಹಾಟ್’ ಆದರೆ ಕುಡಿಯಲಾಗದು. ‘ಟೂ’ ಎಂದರೆ ಅತಿಯಾಯಿತು, ಅದರಿಂದ ಏನೋ ನಿಂತಿತು ಎಂದು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಟೂ ಪೂರ್ ಟು ಪೇ ದ ಫೀಸ್’ ಎಂದು ಧಾರಾಳವಾಗಿ ಬರೆಯಿರಿ. ಕಟ್ಟಲಾಗದು ಎಂಬುದೇ ಅಲ್ಲಿನ ಮಾತು. ಹಣ ಬಂದ ಮೇಲೆ ಬರೆಯುವ ಪತ್ರದಲ್ಲಿ ‘ವೆರಿ ಹ್ಯಾಪಿ’ ಎನ್ನಿ.