ತೂಕ ಕೂಗಿ ಹೇಳಬೇಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯ ನೆನಪುಗಳನ್ನು ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ನಾನು ವೈದ್ಯೆಯಾದ ಮೇಲೆ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಇಲ್ಲಿರುವ ಹೆಣ್ಣುಮಕ್ಕಳಿಗೆ ಅದರಿಂದ ಹೆಚ್ಚು ಪ್ರಯೋಜನವಾದೀತು.

ಕೆಲವು ವರ್ಷ ನಾನು ಶಾಲೆಗಳಿಗೆ ಹೋಗಿ ಮಕ್ಕಳ ಆರೋಗ್ಯ ತಪಾಸಣೆ ಮಾಡುತ್ತಿದ್ದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ತೂಕದ ಯಂತ್ರ ಹತ್ತಿಸಿ ನಾನು ತೂಕ ಕೂಗುವುದು, ನರ್ಸ್ ಬರೆದುಕೊಳ್ಳುವುದು. ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಹತ್ತಿದಾಗ "58" ಎಂದು ಕೂಗಿದೆ. ಸಾಲಿನ ಹಿಂದಿನಿಂದ ಯಾರೋ "ಅರ್ಧ ಕ್ವಿಂಟಾಲ್ ದಾಟ್ತು!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾಲ್ಕು ತಿಂಗಳ ನಂತರ ಅವಳ ತಾಯಿ ಅವಳನ್ನು ಆಸ್ಪತ್ರೆಗೆ ಕರೆತಂದರು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ಸಲ ತಲೆಸುತ್ತಿ ಬಿದ್ದಿದ್ದಳಂತೆ. ತೂಕ 46 ಕೆ.ಜಿ., ಹಿಮೋಗ್ಲೋಬಿನ್ 8. ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. "ಊಟ ಸರಿಯಾಗಿ ಮಾಡ್ತಾಳಾ?" ಎಂದೆ. "ಈಚೆಗೆ ಬಹಳ ದೈವಭಕ್ತಿ ಬಂದುಬಿಟ್ಟಿದೆ ಡಾಕ್ಟ್ರೇ, ಸೋಮವಾರ, ಗುರುವಾರ, ಶನಿವಾರ ಒಪ್ಪತ್ತು" ಎಂದರು ತಾಯಿ.

ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಹುಡುಗಿ ಬಾಯಿಬಿಟ್ಟಳು. ದೇವರ ಹೆಸರಿನಲ್ಲಿ ಉಪವಾಸವಿದ್ದರೆ ಮನೆಯಲ್ಲಿ ಯಾರೂ ಬೈಯುವುದಿಲ್ಲ. ಉಳಿದ ದಿನ ಮುದ್ದೆಯಲ್ಲಿ ಅರ್ಧ ಹಿತ್ತಲ ನಾಯಿಗೆ. ಶಾಲೆಯ ಹಾಲು ಪಕ್ಕದವಳ ಲೋಟಕ್ಕೆ. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ಕಿಟಕಿಯಾಚೆಗೆ, ಅದನ್ನು ನುಂಗಿದರೆ ದಪ್ಪಗಾಗುತ್ತಾರೆಂದು ಯಾರೋ ಹೇಳಿದ್ದರಂತೆ. "ಯಾವಾಗಿನಿಂದ ಹೀಗೆ?" ಎಂದೆ. "ನೀವು ತೂಕ ನೋಡಿದ ದಿನದಿಂದ ಮೇಡಂ" ಎಂದಳು.

ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ತಾಯಂದಿರೇ, ಹುಡುಗಿ ಮೈನೆರೆಯುವ ವಯಸ್ಸಿನಲ್ಲಿ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಸಹಜ. ಅದು ರೋಗವಲ್ಲ, ಬೆಳವಣಿಗೆ. ಆಗ ಊಟ ತೀರಾ ಕಡಿಮೆಯಾದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಮೂಳೆಯೂ ಸೊರಗುತ್ತದೆ. ಒಬ್ಬ ಹೆಣ್ಣುಮಗಳ ಮೂಳೆಯ ಗಟ್ಟಿತನದ ಬಹುಪಾಲು 18 ವರ್ಷದೊಳಗೇ ಕೂಡಿಬರಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಆ ಹುಡುಗಿ ನಾಯಿಗೆ ಹಾಕುತ್ತಿದ್ದದ್ದು ಅದನ್ನೇ.

ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತವೂ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಈ ವಯಸ್ಸಿನವರಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು. ಹೀಗಿರುವಾಗ ಮೊಬೈಲಿನಲ್ಲಿ ನೋಡಿ ಬೆಳಿಗ್ಗೆ ನಿಂಬೆರಸ, ರಾತ್ರಿ ಬರೀ ನೀರು ಎಂದು ಮಲಗಿದರೆ ಏನಾದೀತು?

ನಿಜವಾಗಿ ತೂಕ ಹೆಚ್ಚಿರುವ ಮಕ್ಕಳೂ ಇದ್ದಾರೆ. ಅದನ್ನು ವಯಸ್ಸು, ಎತ್ತರ ಎಲ್ಲ ನೋಡಿ ವೈದ್ಯರು ಹೇಳಬೇಕು, ದೊಡ್ಡವರ ಲೆಕ್ಕ ಬೆಳೆಯುವ ಮಕ್ಕಳಿಗೆ ಹೊಂದುವುದಿಲ್ಲ. ಅವರಿಗೂ ಬೇಕಾದದ್ದು ಉಪವಾಸವಲ್ಲ. ಬೇಕರಿ ತಿಂಡಿ, ಬಾಟಲಿ ಪಾನೀಯ ಕಡಿಮೆ ಮಾಡಿ, ಮನೆಯ ಊಟ ಮಾಡಿ, ದಿನಕ್ಕೊಂದು ಗಂಟೆ ಮೈ ಬೆವರುವಂತೆ ಆಡಬೇಕು. ಆದರೆ ಸಂಜೆ ಮೈದಾನ ಗಂಡುಹುಡುಗರದ್ದು, ಹೆಣ್ಣುಮಕ್ಕಳಿಗೆ ಕಸಮುಸುರೆ. ಆಡಲು ಬಿಡದೆ "ದಪ್ಪಗಿದ್ದೀಯ, ಗಂಡು ಯಾರು ಒಪ್ತಾರೆ" ಎನ್ನುವುದು ಯಾವ ನ್ಯಾಯ? ತೆಳ್ಳಗಿರುವವಳಿಗೂ ಬಿಡುಗಡೆಯಿಲ್ಲ, ಅವಳು "ಕಡ್ಡಿ". ತಮಾಷೆಗೆ ಅಂದೆವು ಎನ್ನುತ್ತೇವೆ. ನಾನೂ ತಮಾಷೆಗೇ ನಕ್ಕಿದ್ದೆ.

ಆ ಹುಡುಗಿಗೆ ಮತ್ತೆ ಮುಟ್ಟಾಗಲು ಏಳು ತಿಂಗಳು ಹಿಡಿಯಿತು. ನಾನು ಅವಳ ಕ್ಷಮೆ ಕೇಳಿದೆ. "ಪರವಾಗಿಲ್ಲ ಮೇಡಂ, ಇನ್ನು ಯಾರದ್ದೂ ಕೂಗಬೇಡಿ" ಎಂದಳು. ಅಂದಿನಿಂದ ಕೂಗಿಲ್ಲ.

ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಎರಡು ವಸ್ತು ಕೊಡುತ್ತಿದ್ದೇವೆ. ಒಂದು, ತೂಕದ ಯಂತ್ರ. ಗುರುಗಳೇ, ದಯವಿಟ್ಟು ಅದನ್ನು ಬಾಗಿಲಿರುವ ಕೋಣೆಯಲ್ಲಿಡಿ. ಒಬ್ಬೊಬ್ಬರನ್ನೇ ಕರೆಯಿರಿ, ತೂಕವನ್ನು ಬರೆದುಕೊಳ್ಳಿ, ಕೂಗಬೇಡಿ. ಇನ್ನೊಂದು, ಥ್ರೋಬಾಲ್ ನೆಟ್ ಮತ್ತು ಚೆಂಡುಗಳು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮೈದಾನ ಹೆಣ್ಣುಮಕ್ಕಳಿಗೆ ಸಿಗಲಿ. ಪೋಷಕರೇ, ಆ ಒಂದು ಗಂಟೆ ಅವರನ್ನು ಮನೆಗೆ ಕರೆಯಬೇಡಿ. ಆಡಿ ಹಸಿದು ಬಂದವರಿಗೆ ಹೊಟ್ಟೆ ತುಂಬ ಬಡಿಸಿ.