ಅಮ್ಮನಿಗಾಗಿ ನಡೆದ ಚಳಿಗಾಲ

ಮಸ್ಕತ್‌ನಿಂದ ಮಾತನಾಡುತ್ತಿದ್ದೇನೆ. ಇಲ್ಲಿಯ ಚಳಿಗಾಲ ಅಂದರೆ ಊರಿನವರು ನಗುತ್ತಾರೆ. ಸ್ವೆಟರ್ ಕೂಡ ಬೇಡದ ಚಳಿ. ಆದರೆ ಮೇ, ಜೂನ್‌ನಲ್ಲಿ ಹೊರಗೆ ಕಾಲಿಡಲಾಗದ ನಮಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ನಡೆಯುವ ಕಾಲ.

ಹೋದ ಚಳಿಗಾಲ ನನಗೆ ನಾನೇ ಒಂದು ಸವಾಲು ಹಾಕಿಕೊಂಡೆ. ಪ್ರತಿ ಶುಕ್ರವಾರ ಬೆಳಿಗ್ಗೆ ಮತ್ರಾ ಕಾರ್ನಿಶ್‌ನಲ್ಲಿ 5 ಕಿಲೋಮೀಟರ್ ನಡಿಗೆ. ಕೊನೆಗೊಂದು ದಿನ ರಿಯಾಮ್‌ನಿಂದ ಬೆಟ್ಟ ಹತ್ತಿ ಮತ್ರಾಕ್ಕೆ ಇಳಿಯುವ ಹಳೆಯ ಕಾಲುದಾರಿ. ಹತ್ತು ಮೆಟ್ಟಿಲಿಗೇ ಮೊಣಕಾಲು ಹಿಡಿದುಕೊಳ್ಳುವ ನನಗೆ ಅದು ಸಣ್ಣ ಮಾತಲ್ಲ.

ಯಾಕೆ ಅಂತೀರಾ? ಊರಿನಲ್ಲಿರುವ ನನ್ನ ಅಮ್ಮನಿಗೆ ಡಿಮೆನ್ಶಿಯಾ, ಮರೆವಿನ ಕಾಯಿಲೆ. ಅದು ಗೊತ್ತಾಗುವ ಮೊದಲು ಒಂದು ದಿನ ಫೋನಿನಲ್ಲಿ “ತಿಂಡಿ ಆಯ್ತಾ?” ಅಂತ ಐದನೆಯ ಸಲ ಕೇಳಿದರು. “ಎಷ್ಟು ಸಲ ಹೇಳೋದಮ್ಮಾ!” ಎಂದು ರೇಗಿ ಫೋನ್ ಇಟ್ಟುಬಿಟ್ಟೆ. ಪಕ್ಕದಲ್ಲಿದ್ದ ಮಗಳು, “ಅಜ್ಜಿ ನಿಜವಾಗ್ಲೂ ಮರೆತಿರಬಹುದಲ್ವಾ ಅಮ್ಮಾ?” ಎಂದಳು. ಆ ಮಾತು ಇನ್ನೂ ಚುಚ್ಚುತ್ತದೆ.

ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯೋಸಹಜ. ಕನ್ನಡಕ ಯಾತಕ್ಕೆ ಎಂಬುದೇ ಮರೆತರೆ ವೈದ್ಯರಿಗೆ ತೋರಿಸಬೇಕು. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರ ಪಾತ್ರ ನೋಡಿದವರಿಗೆ ಇದು ಅರ್ಥವಾಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ಕಿವಿ ಕೇಳಿಸದಿರುವುದು, ಮೈ ಅಲುಗಿಸದ ಜೀವನ, ಒಂಟಿತನ ಸೇರಿ 14 ಅಪಾಯಗಳನ್ನು ನಿವಾರಿಸಿದರೆ ಸುಮಾರು 45% ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿದೆ. ಅಂದರೆ ನಡಿಗೆ ನನಗೂ ಮದ್ದೇ.

ಇನ್ನು ಹಣದ ಮಾತು. ಒಮಾನ್‌ನಲ್ಲಿ ಸರ್ಕಾರದ ಅನುಮತಿಯಿಲ್ಲದೆ ಸಾರ್ವಜನಿಕರಿಂದ ಚಂದಾ ಎತ್ತುವಂತಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಕೇಳುವುದಕ್ಕೂ ಅದೇ ನಿಯಮ. ಒಳ್ಳೆಯ ಉದ್ದೇಶ ಎಂದು ಕಾನೂನು ಮೀರಬೇಡಿ. ಹಾಗಾಗಿ ಹುಂಡಿಯನ್ನು ನಮ್ಮ ಅಡುಗೆಮನೆಯಲ್ಲೇ ಇಟ್ಟೆ. ಕಿಲೋಮೀಟರಿಗೆ ಅರ್ಧ ರಿಯಾಲ್, ಮನೆಖರ್ಚಿನಲ್ಲಿ ಉಳಿಸಿದ್ದು. 16 ಶುಕ್ರವಾರ, 80 ಕಿಲೋಮೀಟರ್, 40 ರಿಯಾಲ್. ಬೆಟ್ಟ ಇಳಿದ ದಿನ ಮಗಳು ತನ್ನ ಪಾಕೆಟ್ ಮನಿಯಿಂದ 5 ರಿಯಾಲ್ ಹಾಕಿದಳು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಎ.ಆರ್.ಡಿ.ಎಸ್.ಐ. ಶಾಖೆಯಂಥ ಸಂಸ್ಥೆಗಳು ಮರೆವಿನ ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವವರಿಗೂ ನೆರವಾಗುತ್ತಿವೆ. ರಜೆಗೆ ಹೋದಾಗ ಅಂಥದ್ದೊಂದಕ್ಕೆ ಕೊಟ್ಟು ರಸೀದಿ ತಂದೆವು. ದೊಡ್ಡ ಮೊತ್ತವಲ್ಲ, ಆದರೆ ನಡೆದು ಗಳಿಸಿದ್ದು.

ಮಕ್ಕಳೇ, ನಿಮಗೊಂದು ಮಾತು. ಮರೆವು ಹೆಚ್ಚಾದಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುವುದುಂಟು. ತಾಯ್ನುಡಿ ಹೆಚ್ಚು ಕಾಲ ಉಳಿಯುತ್ತದೆ. ನಿಮ್ಮ ಅಜ್ಜ ಅಜ್ಜಿಯರ ಬಳಿ ನಾಳೆ ಉಳಿಯುವುದು ಕನ್ನಡವೊಂದೇ ಆದರೆ, ಅವರ ಜೊತೆ ಮಾತಾಡಲು ನಿಮ್ಮ ಬಳಿ ಕನ್ನಡ ಇರಬೇಕಲ್ಲವೇ? ತಪ್ಪಾದರೂ ಪರವಾಗಿಲ್ಲ, ಈಗಲೇ ಮಾತಾಡಿ.

ಈ ಚಳಿಗಾಲವೂ ನಡೆಯುತ್ತಿದ್ದೇನೆ, ಈಗ ಮಗಳೂ ಜೊತೆಗಿದ್ದಾಳೆ. ಇಲ್ಲಿ ಏಳು ಗಂಟೆ ಆದಾಗ ಊರಿನಲ್ಲಿ ಎಂಟೂವರೆ. ನಡೆಯುತ್ತಲೇ ಅಮ್ಮನಿಗೆ ಫೋನ್ ಮಾಡುತ್ತೇವೆ. “ತಿಂಡಿ ಆಯ್ತಾ?” ಅಂತ ಅಮ್ಮ ಕೇಳುತ್ತಾರೆ. ಐದನೆಯ ಸಲವೂ ಮಗಳು ಹೇಳುತ್ತಾಳೆ: “ಇನ್ನೂ ಇಲ್ಲ ಅಜ್ಜಿ. ನಿಮ್ದು ಏನು ತಿಂಡಿ?”