ತೋಟದಲ್ಲಿ ಕೂತು ಮಿಲ್ಟನ್ ಓದುವುದು



ಹದಿನೇಳನೆಯ ಶತಮಾನದ ಇಂಗ್ಲಿಷ್ ಕಾವ್ಯದ ನೀತಿ ಮತ್ತು ಅಧ್ಯಾತ್ಮದ ಬಗ್ಗೆ ಮಾತಾಡಲು ಕೆರೆಕಟ್ಟೆಗೆ ಬನ್ನಿ ಎಂದು ಸಂಘಟಕರು ಕರೆದಾಗ ನಾನು ನಕ್ಕುಬಿಟ್ಟೆ. ಲಂಡನ್ನಿನ ಕವಿಗಳಿಗೂ ಈ ಮಳೆಯ ಊರಿಗೂ ಎಲ್ಲಿಯ ನಂಟು? ಆ ನಗು ನಿಂತದ್ದು ತಯಾರಿಗೆಂದು ‘ಪ್ಯಾರಡೈಸ್ ಲಾಸ್ಟ್’ನ ಒಂಬತ್ತನೆಯ ಭಾಗವನ್ನು ತೆರೆದು ಕೂತಾಗ.

ಅಲ್ಲಿ ಆದಾಮನೂ ಹವ್ವಳೂ ಹಣ್ಣು ತಿಂದಾಗಿದೆ, ನಾಚಿಕೆ ಮೊದಲ ಬಾರಿಗೆ ಹುಟ್ಟಿದೆ, ಮೈ ಮುಚ್ಚಿಕೊಳ್ಳಲು ಎಲೆ ಬೇಕಾಗಿದೆ. ಬೈಬಲಿನಲ್ಲಿ ಅದು ಅಂಜೂರದ ಎಲೆ. ಮಿಲ್ಟನ್‌ಗೆ ಮಾಮೂಲಿ ಅಂಜೂರ ಸಾಲಲಿಲ್ಲ. ಮಲಬಾರಿನಲ್ಲೋ ದಖ್ಖನ್ನಿನಲ್ಲೋ ಭಾರತೀಯರು ಕಂಡಿರುವ, ಕೊಂಬೆಯಿಂದ ಬೇರಿಳಿಸಿ ತಾಯಿಮರದ ಸುತ್ತ ಮಗಳುಮರಗಳನ್ನು ಬೆಳೆಸುವ ಮರವೊಂದನ್ನು ಅವನು ತಂದು ನಿಲ್ಲಿಸುತ್ತಾನೆ. ನಮ್ಮ ಆಲ, ಗೋಳಿ ಎನ್ನುವವರೂ ಇದ್ದಾರೆ. ಅದರ ನೆರಳಿನಲ್ಲಿ ದನ ಕಾಯುವವನೊಬ್ಬನನ್ನೂ ಕೂರಿಸಿದ್ದಾನೆ. ಈ ರಸ್ತೆಯಲ್ಲಿ ಮುಂದೆ ಹೋದರೆ ಎಸ್.ಕೆ. ಬಾರ್ಡರ್ ಸಿಗುತ್ತದೆ. ಅಲ್ಲಿಂದ ಒಂದು ಕಡೆ ಕರಾವಳಿ, ಇನ್ನೊಂದು ಕಡೆ ದಖ್ಖನ್ ಪ್ರಸ್ಥಭೂಮಿ. 1667ರಲ್ಲಿ ಅಚ್ಚಾದ ಆ ಕಾವ್ಯದ ಮರ ನಿಂತಿರುವುದು ಹೆಚ್ಚುಕಡಿಮೆ ನಾವು ಕೂತಿರುವ ಈ ಗಡಿಯಲ್ಲಿ.

ಮಿಲ್ಟನ್ ಆಲದ ಮರವನ್ನು ಕಂಡವನಲ್ಲ, 1652ರ ಹೊತ್ತಿಗೆ ಅವನಿಗೆ ಕಣ್ಣೇ ಹೋಗಿತ್ತು. ಹಾಗಾಗಿ ಅದರ ಎಲೆ ಗುರಾಣಿಯಷ್ಟು ಅಗಲ ಎಂದು ಬರೆದುಬಿಟ್ಟ. ನಮ್ಮ ಪ್ರೈಮರಿ ಶಾಲೆಯ ಮಕ್ಕಳೂ ಇದನ್ನು ತಿದ್ದುತ್ತಾರೆ. ನನಗೆ ಮುಖ್ಯವಾದದ್ದು ಬೇರೆ. ಅವನಿಗೆ ಆ ಮರ ನಾಚಿಕೆ ಬಚ್ಚಿಟ್ಟುಕೊಳ್ಳುವ ಜಾಗ. ಶೃಂಗೇರಿಯ ಮಗ್ಗುಲಲ್ಲಿ ಬದುಕುವ ನಮಗೆ ಅದು ದಕ್ಷಿಣಾಮೂರ್ತಿ ಬಾಯಿ ಬಿಡದೆ ಪಾಠ ಹೇಳಿದ ವಟವೃಕ್ಷ. ಒಂದೇ ಮರ, ಎರಡು ಅರ್ಥ. ಆ ಅಂತರ ಎಷ್ಟು, ಏಕೆ ಎಂದು ಕೇಳುತ್ತ ಓದುವುದು ಒಂದು ಬಗೆಯ ಓದು. ನಾನು ಇಷ್ಟು ವರ್ಷ ತರಗತಿಯಲ್ಲಿ ಮಾಡಿಸಿದ್ದು ಬೇರೆ. ‘ಮೆಟಫಿಸಿಕಲ್ ಕಾವ್ಯದ ಲಕ್ಷಣಗಳು’ ಎಂದು ಹತ್ತು ಅಂಕದ ಪ್ರಶ್ನೆ, ಅದಕ್ಕೆ ಡನ್ನನ ಕೈವಾರದ ಉಪಮೆ ಎಂಬ ಸಿದ್ಧ ಉತ್ತರ. ಜಾಮಿಟ್ರಿ ಬಾಕ್ಸಿನ ಕೈವಾರ ಎಲ್ಲರಿಗೂ ನೆನಪಿರುತ್ತದೆ, ಪದ್ಯ ಯಾರಿಗೂ ಇರುವುದಿಲ್ಲ.

ಇವತ್ತು ನಾನು ಕೇಳುವುದು ಇಷ್ಟೇ: ಈ ಕಾವ್ಯವನ್ನು ತೋಟದಲ್ಲಿ ಕೂತು ಓದಿ ನೋಡೋಣ.

ತೋಟ ಎಂದದ್ದು ಬೇಕೆಂದೇ. ಏದೆನ್ ಎಂದರೆ ಸುಮ್ಮನೆ ಅಡ್ಡಾಡುವ, ಹಣ್ಣು ಕಿತ್ತು ತಿನ್ನುವ ಸುಖದ ಜಾಗ ಎಂದು ನಾವು ತಿಳಿದಿರುತ್ತೇವೆ. ಮಿಲ್ಟನ್‌ನ ಏದೆನ್ ಹಾಗಿಲ್ಲ. ಅಲ್ಲಿ ದಿನಾ ಕೆಲಸ. ಗಂಡ ಹೆಂಡತಿ ಬೆಳಗ್ಗೆ ಎದ್ದು ಪ್ರಾರ್ಥನೆ ಮುಗಿಸಿ ತೋಟಕ್ಕೆ ಇಳಿಯುತ್ತಾರೆ. ಹೆಚ್ಚಾದ ಕೊಂಬೆ ಸವರುತ್ತಾರೆ, ದ್ರಾಕ್ಷಿ ಬಳ್ಳಿಯನ್ನು ಎಲ್ಮ್ ಮರಕ್ಕೆ ಹಬ್ಬಿಸುತ್ತಾರೆ. ಆ ಹಬ್ಬಿಸುವಿಕೆಯನ್ನು ಕವಿ ಮದುವೆ ಎಂದೇ ಕರೆಯುತ್ತಾನೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಕೈಗಳು ಈ ಸಭೆಯಲ್ಲೇ ಎಷ್ಟೋ ಇವೆ. ಅವರಿಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ.

ಆ ಅನಾಹುತದ ದಿನ ಬೆಳಗ್ಗೆ ಗಂಡ ಹೆಂಡಿರ ನಡುವೆ ನಡೆಯುವ ಮಾತು ನೋಡಿ. ಹವ್ವ ಹೇಳುವುದು ದೇವರ ಮಾತಲ್ಲ, ಆಳು ಲೆಕ್ಕದ ಮಾತು. ಹಗಲೆಲ್ಲ ಸವರಿದ್ದು ಒಂದೆರಡು ರಾತ್ರಿಯಲ್ಲಿ ಮತ್ತೆ ಬೆಳೆದು ನಿಲ್ಲುತ್ತದೆ. ಇಬ್ಬರೂ ಒಟ್ಟಿಗಿದ್ದರೆ ಮಾತಿನಲ್ಲಿ ಹೊತ್ತು ಹೋಗುತ್ತದೆ. ಬೇರೆ ಬೇರೆ ಕಡೆ ಮಾಡೋಣ. ಜುಲೈ ತಿಂಗಳಲ್ಲಿ ಕಳೆ ನೋಡಿದ ಯಾವ ಮಲೆನಾಡಿನ ಹೆಂಗಸೂ ಅವಳದು ಉಡಾಫೆ ಎನ್ನಲಾರಳು. ವಿಮರ್ಶಕರು ಈ ಜಾಗದಲ್ಲಿ ಸ್ವಾತಂತ್ರ್ಯ, ವಿಧೇಯತೆ ಎಂದು ಬಹಳ ಬರೆದಿದ್ದಾರೆ. ಅವು ಸರಿಯೇ. ಆದರೆ ಪಾಪ ಒಳಗೆ ಬರುವುದು ಸೋಮಾರಿತನದ ಬಾಗಿಲಿನಿಂದಲ್ಲ, ಕೆಲಸ ಮುಗಿಸಬೇಕೆಂಬ ಕಾಳಜಿಯ ಬಾಗಿಲಿನಿಂದ ಎಂಬುದು ಮಿಲ್ಟನ್‌ನ ನೀತಿಯ ಸೂಕ್ಷ್ಮ. ತೋಟದ ಕೆಲಸ ಗೊತ್ತಿದ್ದವರಿಗೆ ಅದು ಬೇಗ ಹೊಳೆಯುತ್ತದೆ.

ಮುಂದಿನದ್ದನ್ನು ಈ ಊರಿನಲ್ಲಿ ಹೇಳುವಾಗ ಸ್ವಲ್ಪ ಹಿಂಜರಿಕೆಯಾಗುತ್ತದೆ. ಹನ್ನೊಂದನೆಯ ಭಾಗದಲ್ಲಿ ಮಿಖಾಯೇಲ ದೇವದೂತ ಬಂದು, ತೋಟ ಬಿಡಬೇಕು ಎನ್ನುತ್ತಾನೆ. ಹವ್ವ ಮೊದಲು ಅಳುವುದು ಹೂವುಗಳಿಗಾಗಿ. ತಾನೇ ಹೆಸರಿಟ್ಟು ಸಾಕಿದ ಗಿಡಗಳಿಗೆ ಇನ್ನು ನೀರು ಹಾಕುವವರು ಯಾರು ಎಂದು ಕೇಳುತ್ತಾಳೆ. ಆದಾಮನ ದುಃಖ ಬೇರೆ. ಈ ಮರದ ಕೆಳಗೆ ದೇವರು ಕಾಣಿಸಿದ್ದ, ಈ ಬುಗ್ಗೆಯ ಹತ್ತಿರ ನನ್ನೊಡನೆ ಮಾತಾಡಿದ್ದ ಎಂದು ಮಕ್ಕಳಿಗೆ ಜಾಗ ತೋರಿಸಿ ಹೇಳಬೇಕೆಂದಿದ್ದೆ. ಹೋಗುವಲ್ಲಿ ಏನನ್ನು ತೋರಿಸಲಿ?

ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಉದ್ಯಾನ ಎಂಬ ಪದದಲ್ಲೇ ತೋಟವಿದೆ, ಗಮನಿಸಿ. ಆ ಬಳಿಕದ ವರ್ಷಗಳಲ್ಲಿ ಈ ಸುತ್ತಿನ ಕೆಲವು ಮನೆಗಳವರು ಪರಿಹಾರ ಪಡೆದು ಇಳಿದು ಹೋದರು, ಕೆಲವರು ಉಳಿದರು. ಕಾಡು ಉಳಿಯಬೇಕೋ ಮನೆ ಉಳಿಯಬೇಕೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ, ಎರಡೂ ಕಡೆ ನ್ಯಾಯವಿದೆ. ನಾನು ಕೇಳುವುದು ದೇವದೂತನ ಸಮಾಧಾನದ ಬಗ್ಗೆ. ಆತ ಆದಾಮನಿಗೆ ಹೇಳುತ್ತಾನೆ: ದೇವರು ಈ ತೋಟಕ್ಕಷ್ಟೇ ಕಟ್ಟುಬಿದ್ದವನಲ್ಲ, ಕಣಿವೆಯಲ್ಲೂ ಬಯಲಲ್ಲೂ ಇದ್ದಾನೆ. ಪ್ರಾಟೆಸ್ಟೆಂಟ್ ಮನಸ್ಸಿಗೆ ಅದು ದೊಡ್ಡ ಬಿಡುಗಡೆ. ಅದ್ವೈತಿಗೂ ಅದನ್ನು ಒಪ್ಪುವುದು ಕಷ್ಟವಲ್ಲ. ಆದರೆ ನಮ್ಮ ಮನೆ ಹಿಂದಿನ ಚೌಡಿ? ನಾಗಬನ? ಅವು ಗಡಿ ಬಿಟ್ಟು ಬರುವ ದೈವಗಳಲ್ಲ. ವರ್ಷಕ್ಕೊಂದು ಸಲ ಅಲ್ಲಿಗೇ ಹೋಗಿ ಹಣ್ಣುಕಾಯಿ ಮಾಡಬೇಕು. ಜಾಗಕ್ಕೆ ಕಟ್ಟಿಕೊಂಡ ದೈವ, ಎಲ್ಲೆಡೆ ಇರುವ ದೇವರು ಎರಡನ್ನೂ ಒಟ್ಟಿಗೆ ನಂಬಿ ಬದುಕಿದವರು ನಾವು. ಹಾಗಿದ್ದೂ ನಮ್ಮ ತರಗತಿಗಳಲ್ಲಿ ಆದಾಮನ ಈ ಪ್ರಶ್ನೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ದೇವದೂತನ ಉತ್ತರಕ್ಕಿಂತ ಆದಾಮನ ಪ್ರಶ್ನೆಯೇ ದೊಡ್ಡದೆಂದು ನನಗೆ ತೋರುತ್ತದೆ. ಮಿಲ್ಟನ್‌ಗೂ ಹಾಗೆ ಒಳಗೊಳಗೆ ಅನ್ನಿಸಿತ್ತೋ ಏನೋ. ಇಲ್ಲದಿದ್ದರೆ ಆ ದುಃಖಕ್ಕೆ ಅಷ್ಟು ಒಳ್ಳೆಯ ಸಾಲುಗಳನ್ನು ಕೊಡುತ್ತಿರಲಿಲ್ಲ.

ತೋಟದ ಮಾತಿನ ಜೊತೆಗೇ ಗುಡ್ಡದ ಮಾತೂ ಬರುತ್ತದೆ. ಮೊದಲನೆಯ ಭಾಗದಲ್ಲಿ ಮ್ಯಾಮನ್ ಎಂಬ ಪಿಶಾಚಿ ಇದ್ದಾನೆ. ಸ್ವರ್ಗದಲ್ಲಿದ್ದಾಗಲೂ ಅವನ ಕಣ್ಣು ದೇವರ ಮೇಲಿರಲಿಲ್ಲ, ನೆಲಕ್ಕೆ ಹಾಸಿದ ಚಿನ್ನದ ಮೇಲಿತ್ತು. ಅವನ ತಂಡ ಗುಡ್ಡಕ್ಕೆ ಗಾಯ ಮಾಡಿ ಲೋಹ ತೆಗೆಯುತ್ತದೆ, ತಾಯಿಯಾದ ಭೂಮಿಯ ಹೊಟ್ಟೆ ಬಗೆಯುವುದನ್ನು ಮನುಷ್ಯರಿಗೆ ಕಲಿಸಿದವನೂ ಅವನೇ. ಕುದುರೆಮುಖದಲ್ಲಿ ಅದಿರನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದ ಕಾಲ ಇಲ್ಲಿ ಹಲವರಿಗೆ ನೆನಪಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಅದೇ ಬೆಟ್ಟಸಾಲಿನಲ್ಲಿದೆ. ಆ ಗಣಿಯಿಂದ ಅನ್ನ ಉಂಡ ಮನೆಗಳೂ ಇವೆ, ಅವರನ್ನು ಮ್ಯಾಮನ್‌ನ ಗುಂಪಿಗೆ ಸೇರಿಸುವಷ್ಟು ಅವಸರದ ನೀತಿ ನನಗೆ ಬೇಡ. ಮುನ್ನೂರೈವತ್ತು ವರ್ಷದ ಹಿಂದಿನ ಕುರುಡು ಕವಿಯೊಬ್ಬ ಗಣಿಗಾರಿಕೆಯನ್ನು ಗಾಯ ಎಂದು ಕರೆದಿದ್ದ ಎಂಬುದನ್ನು ನಮ್ಮ ಹುಡುಗರಿಗೆ ಹೇಳಿದರೆ ಸಾಕು.

ಇನ್ನು ಜಾರ್ಜ್ ಹರ್ಬರ್ಟ್. 1593ರಲ್ಲಿ ಹುಟ್ಟಿ 1633ರಲ್ಲಿ ತೀರಿಕೊಂಡವನು. ಕೇಂಬ್ರಿಜ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು ಬೆಮರ್ಟನ್ ಎಂಬ ಸಣ್ಣ ಊರಿನ ಪಾದ್ರಿಯಾಗಿ ಹೋದ. ಅವನ ಪದ್ಯಗಳ ಪುಸ್ತಕದ ಹೆಸರೇ ‘ದಿ ಟೆಂಪಲ್’. ಅದು ಅಚ್ಚಾದದ್ದು ಅವನು ಸತ್ತ ವರ್ಷವೇ. ಓದುವವನು ಮೊದಲು ಚರ್ಚಿನ ಜಗಲಿಗೆ ಬಂದು, ಹೊಸ್ತಿಲು ದಾಟಿ, ಬಲಿಪೀಠದ ಮುಂದೆ ನಿಲ್ಲುವ ಹಾಗೆ ಪದ್ಯಗಳನ್ನು ಜೋಡಿಸಿದ್ದಾನೆ. ಬಸವಣ್ಣನವರು ಕಲ್ಲಿನ ಗುಡಿಯನ್ನು ಬಿಟ್ಟು ಮೈಯನ್ನೇ ಗುಡಿ ಮಾಡಿದರು. ಹರ್ಬರ್ಟ್ ಪುಸ್ತಕವನ್ನು ಗುಡಿ ಮಾಡಿದ.

ಆ ಗುಡಿಯ ಕೊನೆಯ ಪದ್ಯದಲ್ಲಿ ಊಟಕ್ಕೆ ಕರೆಯುವವನು ಪ್ರೇಮ, ಅಂದರೆ ದೇವರು. ಕರೆಸಿಕೊಂಡ ಜೀವ ಹಿಂದೆ ಸರಿಯುತ್ತದೆ: ಮೈಯೆಲ್ಲ ಧೂಳು, ನಾನು ಯೋಗ್ಯನಲ್ಲ, ಬೇಕಾದರೆ ಬಡಿಸುವ ಕೆಲಸ ಮಾಡುತ್ತೇನೆ. ಮನೆಯವನು ಬಿಡುವುದಿಲ್ಲ, ಕೈ ಹಿಡಿದು ಕೂರಿಸುತ್ತಾನೆ. ಜೀವ ಕೂತು ಉಣ್ಣುತ್ತದೆ. ಪದ್ಯ ಅಷ್ಟೇ. ನಮ್ಮ ಕಡೆ ಜಗಲಿಯಲ್ಲಿ ದಿನಾ ನಡೆಯುವ ನಾಟಕವೂ ಇದೇ. ಬಂದವರು ‘ಬೇಡ, ಈಗಷ್ಟೇ ಆಯಿತು’ ಎನ್ನುತ್ತಾರೆ, ಒಳಗಿನಿಂದ ‘ಎಲೆ ಹಾಕಿ ಆಗಿದೆ, ಏಳಿ’ ಎಂಬ ಮಾತು ಬರುತ್ತದೆ. ಒಂದು ವ್ಯತ್ಯಾಸವಿದೆ ಎಂದು ನಾನು ಬಹಳ ಕಾಲ ಹೇಳುತ್ತಿದ್ದೆ: ನಮ್ಮಲ್ಲಿ ಅತಿಥಿ ದೇವರು, ದಾಸೋಹದಲ್ಲಿ ಬಂದ ಜಂಗಮನೇ ಶಿವ, ಹರ್ಬರ್ಟ್‌ನಲ್ಲಿ ಬಡಿಸುವವನು ದೇವರು. ಒಮ್ಮೆ ಪಾಠ ಮಾಡುವಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, ‘ಹಾಗಾದರೆ ಹೊರನಾಡು?’ ಎಂದಳು. ಅನ್ನಪೂರ್ಣೇಶ್ವರಿಯ ಪಂಕ್ತಿಯಲ್ಲಿ ಊಟಕ್ಕೆ ಕೂತವರೆಲ್ಲ ದೇವಿಯ ಅತಿಥಿಗಳಲ್ಲವೇ? ನನ್ನ ವ್ಯತ್ಯಾಸ ಅಲ್ಲೇ ಬಿದ್ದುಹೋಯಿತು. ಅವತ್ತಿನಿಂದ ಆ ಪದ್ಯವನ್ನು ಹೊರನಾಡಿನ ಪಂಕ್ತಿಯಿಂದಲೇ ಶುರು ಮಾಡುತ್ತೇನೆ.

ಡನ್ನನ ಬಗ್ಗೆ ನಾಳೆ ಎರಡು ಪ್ರಬಂಧಗಳಿವೆ, ಅವನ್ನು ಮಂಡಿಸುವವರ ಮಾತನ್ನು ನಾನು ಕಸಿಯುವುದಿಲ್ಲ. ಒಂದು ಸುಳಿವು ಮಾತ್ರ. ದೇವರನ್ನು ಗಂಡನಾಗಿ ಕಂಡು ತಾನು ಹೆಣ್ಣಾಗುವ ಡನ್ನನ ಸಾನೆಟ್ಟನ್ನು ಎಲ್ಲರೂ ಅಕ್ಕಮಹಾದೇವಿಯ ಜೊತೆ ಹೋಲಿಸುತ್ತಾರೆ. ವಚನಕಾರರಾದ ಉರಿಲಿಂಗದೇವ, ಗಜೇಶ ಮಸಣಯ್ಯ ಅವರ ಜೊತೆ ಇಟ್ಟು ನೋಡಿ. ಅವರೂ ಗಂಡಸರಾಗಿದ್ದು ಸತಿಯ ದನಿಯಲ್ಲಿ ಮಾತಾಡಿದವರು. ಅವರಲ್ಲಿ ಕಾತರವಿದೆ. ಡನ್ನನಲ್ಲಿ ಮುತ್ತಿಗೆ ಹಾಕಿದ ಕೋಟೆಯ ಭಯವಿದೆ. ಕ್ಯಾಥೊಲಿಕ್ ಪಾದ್ರಿಗೆ ಆಶ್ರಯ ಕೊಟ್ಟಿದ್ದಕ್ಕೆ ಸೆರೆಯಾದ ಅವನ ತಮ್ಮ ಜೈಲಿನಲ್ಲೇ ಸತ್ತ. ಮನೆತನದ ಧರ್ಮ ಬಿಟ್ಟ ಅಣ್ಣ ಸೇಂಟ್ ಪಾಲ್ಸ್ ಚರ್ಚಿನ ಮುಖ್ಯಸ್ಥನಾದ. ಆ ಭಯ ಸುಮ್ಮನೆ ಬಂದದ್ದಲ್ಲ. ಮಾರ್ವೆಲ್‌ನ ಇಬ್ಬನಿ ಹನಿಯನ್ನು ತಾವರೆ ಎಲೆಯ ನೀರಿನ ಪಕ್ಕದಲ್ಲಿ ಓದಬಹುದು, ಅಸ್ಕ್ ನದಿಯ ದಂಡೆಯ ವಾನ್‌ನನ್ನು ತುಂಗೆಯ ಪಕ್ಕದಲ್ಲಿ. ಇವೆಲ್ಲ ಎಳೆಯರು ಮಾಡಬೇಕಾದ ಕೆಲಸ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಕವಿಯ ಹೆಸರೆತ್ತದೆ ಇಲ್ಲಿಂದ ಇಳಿದರೆ ನೀವು ನನ್ನನ್ನು ಬಿಡುವುದಿಲ್ಲ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಹೋಮರ್, ವರ್ಜಿಲ್, ಡಾಂಟೆಯರ ಜೊತೆ ಮಿಲ್ಟನ್‌ಗೂ ಕೈ ಮುಗಿಯುತ್ತಾರೆ. ಪ್ರಾಸ ಬಿಟ್ಟ ಮಹಾಛಂದಸ್ಸು, ಸಾಲುಗಟ್ಟಲೆ ಹರಿಯುವ ಮಹೋಪಮೆ ಇವೆಲ್ಲ ಆ ಕೈ ಮುಗಿದದ್ದರ ಗುರುತುಗಳು. ಆದರೆ ನೀತಿಯ ವಿಷಯ ಬಂದಾಗ ಕುವೆಂಪು ಗುರುವಿನ ದಾರಿ ಬಿಟ್ಟರು. ಮಿಲ್ಟನ್‌ನ ಸೈತಾನ ನಾಲ್ಕನೆಯ ಭಾಗದಲ್ಲಿ ಸೂರ್ಯನ ಕಡೆ ತಿರುಗಿ ಮಾತಾಡುತ್ತ ಪಶ್ಚಾತ್ತಾಪದ ಹೊಸ್ತಿಲವರೆಗೆ ಬರುತ್ತಾನೆ. ಬಂದು, ಅಭಿಮಾನ ಬಿಡಲಾಗದೆ ಹಿಂತಿರುಗುತ್ತಾನೆ. ಅಲ್ಲಿಂದ ಅವನದು ಇಳಿಜಾರು. ಕುವೆಂಪು ಅವರ ರಾವಣ ಆ ಹೊಸ್ತಿಲನ್ನು ದಾಟುತ್ತಾನೆ. ಕನಸಿನಲ್ಲಿ ಅವನೂ ಕುಂಭಕರ್ಣನೂ ಸೀತೆಯ ಮಡಿಲಿನ ಕೂಸುಗಳಾಗುತ್ತಾರೆ. ಮಂಥರೆಗೂ ಆ ಕಾವ್ಯದಲ್ಲಿ ಬಿಡುಗಡೆ ಉಂಟು. ಇದು ಬರೀ ಕವಿಯ ಕರುಣೆಯಲ್ಲ. ಪಶ್ಚಾತ್ತಾಪಪಡುವ ರಾವಣನನ್ನು ನಮ್ಮ ನಾಗಚಂದ್ರ ಶತಮಾನಗಳ ಹಿಂದೆಯೇ ಬರೆದಿದ್ದ. ಕುವೆಂಪು ಮಿಲ್ಟನ್‌ನಿಂದ ರಥ ತಂದರು, ಹೋದದ್ದು ತಮ್ಮ ದಾರಿಯಲ್ಲಿ. ನನ್ನ ಮಟ್ಟಿಗೆ ಮಿಲ್ಟನ್‌ಗೆ ಕನ್ನಡ ಕೊಟ್ಟ ಅತ್ಯುತ್ತಮ ವಿಮರ್ಶೆ ಆ ಕನಸೇ.

ಪ್ರಬಂಧ ಮಂಡಿಸುವವರಲ್ಲಿ ಎರಡು ಕೋರಿಕೆಗಳಿವೆ. ಮೊದಲು ಪದ್ಯವನ್ನು ಗಟ್ಟಿಯಾಗಿ ಪೂರ್ತಿ ಓದಿ, ಆಮೇಲೆ ನಿಮ್ಮ ಮಾತು. ಹೋಲಿಸುವಾಗ ‘ನಮ್ಮಲ್ಲೂ ಇದೆ’ ಎಂಬಲ್ಲಿಗೆ ನಿಲ್ಲಿಸಬೇಡಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಮಾತು ಶುರು ಮಾಡಿ. ಹೆಂಚಿನ ಮೇಲೆ ಮಳೆ ಜೋರಾದರೆ ಓದುವವರು ನಿಲ್ಲಿಸಲಿ, ಯಾರಿಗೂ ಕೇಳಿಸುವುದಿಲ್ಲ. ಹನಿ ಕಡಿಮೆಯಾದ ಮೇಲೆ ಮುಂದುವರಿಸೋಣ.